ಕರುವಿಗೆ ಗಿಣ್ಣುಹಾಲು, ಹಿಂಡಿಗೆ ಲಸಿಕೆ

ಹಸುವು ಈದ ಮನೆಯಲ್ಲಿ ಗಿಣ್ಣು ಕಾಸಿ ನೆರೆಹೊರೆಗೆ ಹಂಚುವುದು ಕನ್ನಡ ನಾಡಿನ ಹಳ್ಳಿಗಳಲ್ಲಿ ಬಹುಕಾಲದಿಂದ ನಡೆದುಬಂದಿರುವ ಪದ್ಧತಿ. ಇದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ. ಆದರೆ ಕರುವು ಕುಡಿಯುವುದಕ್ಕೆ ಮುಂಚೆಯೇ ಮೊದಲ ಹಾಲನ್ನು ಕರೆದುಕೊಳ್ಳುವುದರಿಂದಲೂ, ಮಾಸು ಬೀಳುವವರೆಗೆ ಕರುವನ್ನು ಕೆಚ್ಚಲಿಗೆ ಬಿಡಬಾರದೆಂಬ ನಂಬಿಕೆಯಿಂದಲೂ ಅನೇಕ ಕರುಗಳು ಎಳೆಯ ಪ್ರಾಯದಲ್ಲಿಯೇ ಭೇದಿ, ಹೊಕ್ಕುಳ ಬಾವು ಮುಂತಾದುವುಗಳಿಗೆ ತುತ್ತಾಗಿ ಸಾಯುತ್ತವೆ. ಇದರ ಕಾರಣವನ್ನು ಅರಿತ ರೈತನಿಗೆ ಲಸಿಕೆಯ ತತ್ತ್ವವೂ ಸುಲಭವಾಗಿ ಮನದಟ್ಟಾಗುವುದು.

೧. ಸ್ವಂತ ಸಂಪಾದನೆಯ ಶಕ್ತಿ

ಹಿಂದಿನ ಕಾಲದಲ್ಲಿ ದನಗಳ ದೊಡ್ಡರೋಗವು ಊರಿಗೆ ಊರನ್ನೇ ಬರಿದುಮಾಡುತ್ತಿದ್ದಿತು. ಆದರೆ ಆ ರೋಗ ತಗುಲಿಯೂ ಬದುಕಿ ಉಳಿದ ಎತ್ತಿಗೆ ಅದು ಮತ್ತೆ ಬರುತ್ತಿರಲಿಲ್ಲ. ರೋಗಾಣುವು ದೇಹವನ್ನು ಹೊಕ್ಕಾಗ ರಕ್ತದಲ್ಲಿ ಅದನ್ನು ಎದುರಿಸುವ ಪ್ರತಿಕಾಯಗಳೆಂಬ ವಸ್ತುಗಳು ಹುಟ್ಟುತ್ತವೆ. ಒಂದೊಂದು ರೋಗಾಣುವಿಗೂ ಪ್ರತಿಕಾಯ ಬೇರೆ ಬೇರೆ. ಒಂದು ಬೀಗದ ಕೈಯಿಂದ ಮತ್ತೊಂದು ಬೀಗ ತೆರೆಯದು. ದೇಹವು ಒಮ್ಮೆ ಕಂಡ ಶತ್ರುವನ್ನು ನೆನಪಿನಲ್ಲಿಟ್ಟುಕೊಂಡು, ಮರಳಿ ಬಂದಾಗ ಶೀಘ್ರವಾಗಿಯೂ ಬಲವಾಗಿಯೂ ಎದುರಿಸುವುದು. ಕೊಂದ ರೋಗಾಣುವನ್ನು ಅಥವಾ ಶಕ್ತಿಗುಂದಿಸಿದ ರೋಗಾಣುವನ್ನು ದೇಹಕ್ಕೆ ಸೇರಿಸಿ, ರೋಗದ ಬಾಧೆಯಿಲ್ಲದೆ ಈ ನೆನಪನ್ನು ಉಂಟುಮಾಡುವುದೇ ಲಸಿಕೆ.

೨. ಕೈಗಡದ ಶಕ್ತಿ

ಗರ್ಭದಲ್ಲಿರುವ ಕರುವಿಗೆ ತಾಯಿಯ ರಕ್ತದಿಂದ ಪ್ರತಿಕಾಯಗಳು ಹರಿದುಬರುವುದಿಲ್ಲ. ಮಾಸಿನ ರಚನೆಯು ಅದಕ್ಕೆ ಎಡೆಗೊಡದು. ಆದುದರಿಂದ ಕರುವು ಬಹುಮಟ್ಟಿಗೆ ನಿರಾಯುಧವಾಗಿಯೇ ಹುಟ್ಟುತ್ತದೆ. ತಾಯಿಯು ತನ್ನ ಪ್ರತಿಕಾಯಗಳನ್ನು ಗಿಣ್ಣುಹಾಲಿನಲ್ಲಿ ಕೂಡಿಟ್ಟಿರುತ್ತದೆ. ಕರುವಿನ ಕರುಳು ಅವನ್ನು ಯಥಾವತ್ತಾಗಿ ಹೀರಿ ರಕ್ತಕ್ಕೆ ಸೇರಿಸುವುದು ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ. ಆ ದ್ವಾರವು ಗಂಟೆ ಗಂಟೆಗೂ ಕಿರಿದಾಗುತ್ತ, ಸುಮಾರು ೨೪ ಗಂಟೆಗಳಲ್ಲಿ ಮುಚ್ಚಿಹೋಗುವುದು. ಮರುದಿನ ಎಷ್ಟು ಕುಡಿಸಿದರೂ ಆ ನಷ್ಟ ತುಂಬದು. ಗರ್ಭದ ಹಸುವಿಗೆ ಲಸಿಕೆ ಆಗಿದ್ದರೆ ಅದರ ಫಲವೂ ಗಿಣ್ಣುಹಾಲಿನ ಮೂಲಕ ಕರುವಿಗೆ ಸಲ್ಲುವುದು.

ಆದರೆ ಇದು ಕೈಗಡವೇ ಹೊರತು ಸಂಪಾದನೆಯಲ್ಲ. ಕೆಲವು ತಿಂಗಳುಗಳಲ್ಲಿ ಕರಗುವುದು. ಅದು ಹೆಚ್ಚಾಗಿರುವಾಗ ಲಸಿಕೆ ಹಾಕಿದರೆ ತಾಯಿಯ ಪ್ರತಿಕಾಯಗಳು ಅದಕ್ಕೇ ಅಡ್ಡಬರುವುವು. ಈ ಕಾರಣದಿಂದಲೇ ಕಾಲುಬಾಯಿ ರೋಗದ ಮೊದಲ ಲಸಿಕೆಯನ್ನು ಕರುವಿಗೆ ೪ ತಿಂಗಳು ತುಂಬಿದ ಮೇಲೆ ಹಾಕುತ್ತಾರೆ. ಒಂದು ತಿಂಗಳ ತರುವಾಯ ಎರಡನೆಯದು, ಆಮೇಲೆ ೬ ತಿಂಗಳಿಗೊಮ್ಮೆ. ಈ ರೋಗಾಣುವಿನಲ್ಲಿ ಒ, ಎ, ಏಷ್ಯಾ-೧ ಎಂಬ ಮೂರು ಬಗೆಗಳು ಭಾರತದಲ್ಲಿ ಕಂಡುಬಂದಿವೆ. ಒಂದು ಬಗೆಯಿಂದ ನರಳಿ ಗುಣವಾದ ದನಕ್ಕೆ ಇನ್ನೊಂದು ಬಗೆ ತಗುಲಬಹುದು. ಆದುದರಿಂದ "ಹೋದ ವರ್ಷ ಬಂದು ಹೋಯಿತು" ಎಂದು ಲಸಿಕೆಯನ್ನು ಬಿಡುವುದು ಯುಕ್ತವಲ್ಲ.

೩. ರೋಗ ಬರುವ ಮುನ್ನ

ಲಸಿಕೆ ಹಾಕಿದ ದಿನವೇ ರಕ್ಷಣೆ ದೊರೆಯದು. ಸಾಮಾನ್ಯವಾಗಿ ಎರಡು ಮೂರು ವಾರಗಳು ಬೇಕು. ನೆರೆಯ ಕೊಟ್ಟಿಗೆಯಲ್ಲಿ ದನ ಬಿದ್ದ ಮೇಲೆ ವೈದ್ಯರನ್ನು ಕರೆತರುವುದು, ಮನೆ ಹತ್ತಿದ ಮೇಲೆ ಬಾವಿ ತೋಡಿದಂತೆ. ಗಳಲೆ ರೋಗಕ್ಕೂ ಚಪ್ಪೆ ರೋಗಕ್ಕೂ ಮುಂಗಾರಿಗೆ ಮೊದಲೇ ಲಸಿಕೆ ಹಾಕಿಸತಕ್ಕುದು. ಲಸಿಕೆಯ ತರುವಾಯ ಒಂದೆರಡು ದಿನ ಅಲ್ಪ ಜ್ವರ, ಸೂಜಿ ಚುಚ್ಚಿದೆಡೆ ಊತ, ಹಾಲಿನಲ್ಲಿ ಕಡಮೆ ಕಾಣಬಹುದು. ದೇಹವು ಕೆಲಸಕ್ಕೆ ತೊಡಗಿರುವುದರ ಲಕ್ಷಣವದು.

೪. ಊರೆಲ್ಲ ಒಂದಾಗಿ

ಅಂಟುರೋಗವು ಸಂತೆ, ಜಾತ್ರೆ, ಗೋಮಾಳ, ನೀರಿನ ತೊಟ್ಟಿಗಳಲ್ಲಿ ದನದಿಂದ ದನಕ್ಕೆ ದಾಟುವುದು. ಹೆಚ್ಚಿನ ದನಗಳು ರಕ್ಷಿತವಾಗಿದ್ದರೆ ರೋಗಾಣುವಿಗೆ ದಾಟಲು ದಾರಿ ಸಿಕ್ಕದು. ಹಾಲು ಕಡಮೆಯಾದೀತೆಂದು ಒಬ್ಬನು ದನ ಬಚ್ಚಿಟ್ಟರೆ ಅದರ ಅಪಾಯ ಊರಿಗೆಲ್ಲ.

ದೊಡ್ಡರೋಗವು ಅಳಿದುದು ಈ ದಾರಿಯಿಂದಲೇ. ೧೯೨೫ರಲ್ಲಿ ಮೈಸೂರು ಸಂಸ್ಥಾನವು ಬೆಂಗಳೂರಿನಲ್ಲಿ ಸೀರಂ ಸಂಸ್ಥೆಯನ್ನು ಸ್ಥಾಪಿಸಿತು. ರೋಗವನ್ನು ಗೆಲ್ಲಬಲ್ಲ ದನಗಳ ರಕ್ತದಿಂದ ತೆಗೆದ ಸೀರಂ ಕೂಡ ಗಿಣ್ಣುಹಾಲಿನಂತೆ ಕೈಗಡದ ಶಕ್ತಿ, ಅಲ್ಪಕಾಲದ್ದು. ಬಹುಕಾಲ ನಿಲ್ಲುವ ಲಸಿಕೆಗಳು ಬಂದು, ೧೯೫೪ರಿಂದ ದೇಶವ್ಯಾಪಿಯಾಗಿ ಊರೂರಿನಲ್ಲಿ ಹಾಕಲ್ಪಟ್ಟುವು. ೧೯೯೫ರ ಬಳಿಕ ಭಾರತದಲ್ಲಿ ಆ ರೋಗ ಕಾಣಲಿಲ್ಲ. ೨೦೧೧ರಲ್ಲಿ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಘೋಷಿತವಾಯಿತು.

ರೈತರೂ ಊರಿನ ಮುಖಂಡರೂ ಗಮನಿಸತಕ್ಕ ಅಂಶಗಳು

(೧) ಕರು ಹುಟ್ಟಿದ ಒಂದೆರಡು ಗಂಟೆಗಳೊಳಗೆ ಗಿಣ್ಣುಹಾಲು ಕುಡಿಸತಕ್ಕುದು. ಮಾಸು ಬೀಳಲೆಂದು ಕಾಯಬಾರದು.

(೨) ಮೊದಲ ದಿನ ಕರುವಿನ ತೂಕದ ಹತ್ತರಲ್ಲೊಂದು ಪಾಲಿಗೆ ಕಡಮೆಯಾಗಬಾರದು. ೨೦ ಕಿಲೋ ತೂಗುವ ಕರುವಿಗೆ ೨ ಲೀಟರ್. ಎರಡು ಮೂರು ಸಲವಾಗಿ ಕುಡಿಸಬಹುದು. ಮನೆಯವರ ಗಿಣ್ಣು ಕರುವಿನ ಪಾಲು ಸಂದ ಮೇಲೆ.

(೩) ತಾಯಿ ಸತ್ತರೆ ಅದೇ ದಿನ ಈದ ಬೇರೆ ಹಸುವಿನ ಗಿಣ್ಣುಹಾಲು ಕೊಡತಕ್ಕುದು.

(೪) ಲಸಿಕೆಯನ್ನು ಮಂಜುಗಡ್ಡೆಯಲ್ಲಿಟ್ಟು ೨ರಿಂದ ೮ ಡಿಗ್ರಿ ಶೈತ್ಯದಲ್ಲಿ ತಂದಿರುವುದನ್ನು ನೋಡಿಕೊಳ್ಳತಕ್ಕುದು. ಬಿಸಿಲಿಗೆ ಕೆಟ್ಟ ಲಸಿಕೆ ನೀರಿಗೆ ಸಮ.

(೫) ಲಸಿಕೆಯ ದಿನವನ್ನು ಮುಂಚಿತವಾಗಿ ಡಂಗುರ ಸಾರಿಸಿ, ಮೇವಿಗೆ ಬಿಡುವ ಮೊದಲು ದನಗಳನ್ನೆಲ್ಲ ಒಂದೆಡೆ ಕೂಡಿಸತಕ್ಕುದು. ಕಾಯಿಲೆಯ ದನವಿದ್ದರೆ ವೈದ್ಯರಿಗೆ ಮೊದಲೇ ತಿಳಿಸತಕ್ಕುದು.

ಮೊದಲ ದಿನದ ಎರಡು ಲೀಟರ್ ಹಾಲನ್ನು ಕರುವಿಗೆ ಬಿಟ್ಟುಕೊಟ್ಟವನು, ಮುಂದೆ ಅದೇ ಕರುವಿನಿಂದ ಎಷ್ಟೋ ವರ್ಷ ಹಾಲನ್ನೋ ಉಳುಮೆಯನ್ನೋ ಪಡೆಯುವನು.