ಸಂಗಾತಿ ವೀಸಾ: ಶುಲ್ಕಕ್ಕಿಂತ ದುಬಾರಿ, ತಪ್ಪಿದ ಕ್ರಮ

ಅಮೆರಿಕದ ಪೌರತ್ವ ಪಡೆದವರು ಭಾರತದಲ್ಲಿರುವ ಪತ್ನಿಯನ್ನೋ ಪತಿಯನ್ನೋ ಕಾಯಂ ಆಗಿ ತಮ್ಮ ಬಳಿಗೆ ಕರೆಸಿಕೊಳ್ಳುವ ಸಂಗಾತಿ ವೀಸಾದ ಖರ್ಚೆಂದರೆ ಸರ್ಕಾರಿ ಶುಲ್ಕಗಳ ಮೊತ್ತವೆಂದೇ ಹೆಚ್ಚಿನ ಮನೆಗಳಲ್ಲಿ ಭಾವಿಸಲಾಗುತ್ತದೆ. ಶುಲ್ಕಗಳು ಮೊದಲೇ ಗೊತ್ತಿರುವಂಥವು. ಅವಕ್ಕೆ ಹಣ ಎತ್ತಿಡುವುದು ಕಷ್ಟವಲ್ಲ. ವೈದ್ಯಕೀಯ ಪರೀಕ್ಷೆ, ಸಂದರ್ಶನ, ಕೆಲಸಕ್ಕೆ ರಾಜೀನಾಮೆ, ವಿಮಾನದ ಟಿಕೆಟ್ ಇವುಗಳ ಕ್ರಮ ಹಿಂದುಮುಂದಾದಾಗಲೇ ಕುಟುಂಬದ ಹಣ ಕೈಜಾರುತ್ತದೆ ಎಂಬುದು ಈ ಪ್ರಕ್ರಿಯೆಯನ್ನು ಸ್ವಂತ ಮನೆಯಲ್ಲಿ ಮೊದಲಿನಿಂದ ಕೊನೆಯವರೆಗೆ ಕಂಡ ಈ ಅಂಕಣಕಾರರ ದೃಢ ಅಭಿಪ್ರಾಯ.

2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ದರಗಳಂತೆ, ಮದುವೆಯ ಸಂಬಂಧವನ್ನು ರುಜುವಾತುಪಡಿಸಲು ಅಲ್ಲಿನ ಸಂಗಾತಿ ಸಲ್ಲಿಸುವ ಐ-130 ಅರ್ಜಿಗೆ ಆನ್‌ಲೈನ್‌ನಲ್ಲಾದರೆ 625 ಡಾಲರ್, ಕಾಗದದಲ್ಲಾದರೆ 675 ಡಾಲರ್; ಹಸಿರು ಕಾರ್ಡ್ ತಯಾರಿಕೆಗೆಂದು ಪ್ರಯಾಣಕ್ಕೆ ಮುನ್ನ ಕಟ್ಟುವುದು 235 ಡಾಲರ್. ಇವೆರಡರ ನಡುವೆ ವೀಸಾ ಅರ್ಜಿಗೆ 325, ಆರ್ಥಿಕ ಹೊಣೆಪತ್ರದ ಪರಿಶೀಲನೆಗೆ 120 ಡಾಲರ್ ಸೇರುತ್ತವೆ. ಈ ಕೊನೆಯ ಎರಡನ್ನು ಅಮೆರಿಕದ ಬ್ಯಾಂಕ್ ಖಾತೆಯಿಂದಲೇ ಕಟ್ಟಬೇಕಾದ್ದರಿಂದ ಆ ಭಾರ ಸಹಜವಾಗಿ ಅಲ್ಲಿರುವವರ ಪಾಲಿಗೆ ಹೋಗುತ್ತದೆ. ಇಲ್ಲಿರುವವರ ಪಾಲಿಗೆ ಉಳಿಯುವುದು ಪಾಸ್‌ಪೋರ್ಟ್ ಕಚೇರಿಯ ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರದ 500 ರೂಪಾಯಿ, ದಾಖಲೆಗಳ ಅನುವಾದ, ಊರಿನಿಂದ ಮುಂಬೈಗೆ ಓಡಾಟ ಮತ್ತು ವೈದ್ಯಕೀಯ ಪರೀಕ್ಷೆ. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದರೂ ವೀಸಾ ಸೇವೆ ಅಂದೇ ಆರಂಭವಾಗಲಿಲ್ಲ. ಕರ್ನಾಟಕದವರ ವಲಸೆ ವೀಸಾ ಸಂದರ್ಶನಗಳು ನಡೆಯುತ್ತ ಬಂದಿರುವುದು ಮುಂಬೈಯ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿರುವ ಕಾನ್ಸುಲೇಟಿನಲ್ಲಿ.

ವೈದ್ಯಕೀಯ ಪರೀಕ್ಷೆಯನ್ನು ಮನೆಯ ಹತ್ತಿರದ ಡಾಕ್ಟರು ಮಾಡುವಂತಿಲ್ಲ. ಕಾನ್ಸುಲೇಟ್ ಗೊತ್ತುಪಡಿಸಿದ, ಪ್ಯಾನೆಲ್ ವೈದ್ಯರೆಂದು ಕರೆಯಲಾಗುವ ಕೆಲವೇ ವೈದ್ಯರು ಮಾತ್ರ ಮಾಡಬಹುದು, ಅದೂ ಸಂದರ್ಶನಕ್ಕೆ ಮುಂಚೆ. ಇದು ವ್ಯಕ್ತಿಯ ಆರೋಗ್ಯವನ್ನು ಸುಧಾರಿಸುವ ತಪಾಸಣೆಯಲ್ಲ. ಸಾರ್ವಜನಿಕ ಆರೋಗ್ಯಕ್ಕೆ ಅಪಾಯ ತರುವ ಸಾಂಕ್ರಾಮಿಕ ರೋಗಗಳು, ಅದರಲ್ಲೂ ಮುಖ್ಯವಾಗಿ ಕ್ಷಯ, ಇವೆಯೇ ಎಂದು ನೋಡುವ ಮತ್ತು ಲಸಿಕೆಗಳ ಕೊರತೆಯನ್ನು ತುಂಬುವ ವಿಧಿ. 15 ವರ್ಷ ದಾಟಿದವರಿಗೆ ಎದೆಯ ಎಕ್ಸ್‌ರೇ ಕಡ್ಡಾಯವಾಗಿದ್ದು, ಅದರಲ್ಲಿ ಹಳೆಯ ಕ್ಷಯದ ಕಲೆಯೊಂದು ಕಂಡರೂ ಮೂರು ದಿನ ಬೆಳಗಿನ ಕಫ ಕೊಡಬೇಕಾಗುತ್ತದೆ; ಕಫದಲ್ಲಿ ರೋಗಾಣು ಬೆಳೆಯುತ್ತದೆಯೇ ಎಂದು ಪ್ರಯೋಗಾಲಯದಲ್ಲಿ ಕಾದುನೋಡುವ ಕಲ್ಚರ್ ಪರೀಕ್ಷೆಯ ವರದಿಗೆ ಎಂಟು ವಾರದವರೆಗೂ ಹಿಡಿಯುತ್ತದೆ. ಚಿಕ್ಕಂದಿನಲ್ಲಿ ಕ್ಷಯಕ್ಕೆ ಔಷಧಿ ತೆಗೆದುಕೊಂಡವರು ಅದನ್ನು ಮುಚ್ಚಿಡದೆ, ಆಗಿನ ಚಿಕಿತ್ಸೆಯ ಚೀಟಿ ಮತ್ತು ಹಳೆಯ ಎಕ್ಸ್‌ರೇಗಳನ್ನು ಹುಡುಕಿ ಜೊತೆಗೆ ಒಯ್ಯಬೇಕು. ಎಚ್‌ಐವಿ ಸೋಂಕನ್ನು 2010ರ ಜನವರಿಯಲ್ಲೇ ನಿರ್ಬಂಧಕ ರೋಗಗಳ ಪಟ್ಟಿಯಿಂದ ಕೈಬಿಡಲಾಗಿದ್ದರೂ ಆ ಭಯ ಇನ್ನೂ ಕೆಲವರಲ್ಲಿ ಉಳಿದಿರುವುದು ವಿಷಾದದ ಸಂಗತಿ.

ಹಣ ಉಳಿಸಲು ನಿಜವಾದ ಅವಕಾಶವಿರುವುದು ಲಸಿಕೆಗಳಲ್ಲಿ. ಪರೀಕ್ಷೆಯ ದಿನ ಪ್ಯಾನೆಲ್ ವೈದ್ಯರ ಮುಂದಿನ ನಮೂನೆಯಲ್ಲಿ ದಡಾರ-ಮಂಗನಬಾವು-ರುಬೆಲ್ಲಾ, ಸಿಡುಬಿನಂಥ ಗುಳ್ಳೆಯೇಳುವ ಚಿಕನ್‌ಪಾಕ್ಸ್, ಹೆಪಟೈಟಿಸ್ ಬಿ, ಧನುರ್ವಾಯು ಮುಂತಾದ ಪ್ರತಿಯೊಂದಕ್ಕೂ ಒಂದೊಂದು ಸಾಲಿದ್ದು, ದಿನಾಂಕ ಬರೆದ, ವೈದ್ಯರ ಸಹಿ-ಮೊಹರುಳ್ಳ ದಾಖಲೆ ಇಲ್ಲದ ಸಾಲು ಖಾಲಿ ಉಳಿಯುತ್ತದೆ, ಖಾಲಿ ಉಳಿದ ಸಾಲಿಗೆ ಅಲ್ಲೇ ತೋಳಿಗೆ ಚುಚ್ಚುಮದ್ದು ಬೀಳುತ್ತದೆ, ಅದರ ಬೆಲೆ ಆ ಚಿಕಿತ್ಸಾಲಯ ಹೇಳಿದಷ್ಟು. ರುಬೆಲ್ಲಾ ಲಸಿಕೆ ಸರ್ಕಾರಿ ಅಭಿಯಾನದ ಮೂಲಕ ಕರ್ನಾಟಕದ ಮಕ್ಕಳಿಗೆ ತಲುಪಿದ್ದು 2017ರಲ್ಲಿ. ಆದ್ದರಿಂದ ಈಗ ಮದುವೆಯ ವಯಸ್ಸಿನಲ್ಲಿರುವವರ ಪೈಕಿ ಹಲವರು ಬಾಲ್ಯದಲ್ಲಿ ದಡಾರದ ಚುಚ್ಚುಮದ್ದನ್ನಷ್ಟೇ ಪಡೆದಿರುತ್ತಾರೆ, ಆ ಕಾರ್ಡೂ ಮನೆ ಬದಲಿಸುವಾಗ ಕಳೆದುಹೋಗಿರುತ್ತದೆ. ಮೂರ್ನಾಲ್ಕು ತಿಂಗಳು ಮುಂಚೆಯೇ ಊರಿನ ನರ್ಸಿಂಗ್ ಹೋಮಿನಲ್ಲಿ ಲಸಿಕೆಗಳನ್ನು ಹಾಕಿಸಿಕೊಂಡು, ದಿನಾಂಕಸಹಿತ ಬರೆಸಿ ಮೊಹರು ಹಾಕಿಸಿಟ್ಟುಕೊಂಡರೆ ಖರ್ಚು ಹಂಚಿಹೋಗುತ್ತದೆ, ಒಂದೇ ದಿನ ಹಲವು ಸೂಜಿಗಳ ನೋವೂ ತಪ್ಪುತ್ತದೆ. ಗರ್ಭಿಣಿಯರಿಗೆ ದಡಾರ-ರುಬೆಲ್ಲಾ ಮತ್ತು ಚಿಕನ್‌ಪಾಕ್ಸ್‌ನ ಜೀವಂತ ಲಸಿಕೆಗಳನ್ನು ಕೊಡುವುದಿಲ್ಲವಾದ್ದರಿಂದ ವಿಷಯವನ್ನು ಮೊದಲೇ ಹೇಳುವುದು ಅಗತ್ಯ.

ಪರೀಕ್ಷೆಯ ವರದಿಗೆ ಸಾಮಾನ್ಯವಾಗಿ ಆರು ತಿಂಗಳ ಆಯುಷ್ಯ, ಕ್ಷಯದ ಕುರುಹು ಕಂಡವರಿಗೆ ಮೂರೇ ತಿಂಗಳು. ವೀಸಾದ ಅವಧಿಯೂ ಈ ಮಿತಿಯನ್ನು ಮೀರುವುದಿಲ್ಲ. ಸಂದರ್ಶನದಲ್ಲಿ ಯಾವುದೋ ಒಂದು ಕಾಗದ ಸಾಲದೆಂದು ಅಧಿಕಾರಿ ಅರ್ಜಿಯನ್ನು 221(ಜಿ) ಎಂಬ ಕಲಮಿನ ಅಡಿ ತಡೆಹಿಡಿದರೆ, ಅಂದರೆ ಆ ಕಾಗದ ಬರುವವರೆಗೆ ಸದ್ಯಕ್ಕೆ ನಿರಾಕರಿಸಿ ಬಾಕಿ ಇಟ್ಟರೆ, ಆ ವಿಳಂಬದಲ್ಲಿ ವರದಿಯ ಅವಧಿ ಮುಗಿದು ಎರಡನೆಯ ಸಲ ಪರೀಕ್ಷೆಯ ಹಣ ಕಟ್ಟಬೇಕಾಗಬಹುದು. ಜನನ ಪ್ರಮಾಣಪತ್ರ ಇಲ್ಲದವರು ನೋಂದಣಿ ಲಭ್ಯವಿಲ್ಲವೆಂಬ ಪತ್ರ ಮತ್ತು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು, ಮದುವೆಮಂಟಪದ ರಸೀದಿಯನ್ನೇ ನಂಬಿಕೊಂಡಿರುವವರು ಉಪನೋಂದಣಾಧಿಕಾರಿಗಳ ಕಚೇರಿಯ ವಿವಾಹ ಪ್ರಮಾಣಪತ್ರವನ್ನು ಮೊದಲು ಸಿದ್ಧಮಾಡಿಕೊಂಡು, ಆಮೇಲೆ ಆಸ್ಪತ್ರೆಯ ದಿನ ಗೊತ್ತುಮಾಡುವುದು ಸರಿಯಾದ ಕ್ರಮ. ಪಾಸ್‌ಪೋರ್ಟಿನಲ್ಲಿ ವೀಸಾ ಅಚ್ಚಾಗಿ ಕೈಸೇರುವ ಮುನ್ನ ಕೆಲಸ ಬಿಡುವುದು, ಬಾಡಿಗೆ ಮನೆ ಖಾಲಿಮಾಡುವುದು, ಹಿಂತಿರುಗಿಸಲಾಗದ ಟಿಕೆಟ್ ಕೊಳ್ಳುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ. ಅಮೆರಿಕದ ವಿದೇಶಾಂಗ ಇಲಾಖೆಯೂ ಇದನ್ನೇ ಎಚ್ಚರಿಸುತ್ತದೆ.

ಅದೇ ರೀತಿ, ಕಾಯುವುದೇ ಲಾಭವಾಗುವ ಒಂದು ಸಂದರ್ಭವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಅಮೆರಿಕವನ್ನು ಪ್ರವೇಶಿಸುವ ದಿನ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ಸಿಆರ್-1 ವರ್ಗದಡಿ ಎರಡು ವರ್ಷಗಳ ಷರತ್ತುಬದ್ಧ ಹಸಿರು ಕಾರ್ಡ್ ಸಿಗುತ್ತದೆ, ಆ ಷರತ್ತು ತೆಗೆಸಲು ಮುಂದೆ 750 ಡಾಲರ್ ಕಟ್ಟಿ ಐ-751 ಅರ್ಜಿ ಹಾಕಬೇಕಾಗುತ್ತದೆ. ತುಂಬಿದ್ದರೆ ಐಆರ್-1 ವರ್ಗದಡಿ ಹತ್ತು ವರ್ಷಗಳ ಕಾರ್ಡ್. ಎರಡನೆಯ ವಿವಾಹ ವಾರ್ಷಿಕೋತ್ಸವ ವೀಸಾದ ಅವಧಿಯೊಳಗೇ ಬರುವುದಾದರೆ ಅದು ಕಳೆದ ಮೇಲೆ ವಿಮಾನ ಹತ್ತಿ, ಇಳಿದಲ್ಲಿ ವಲಸೆ ಅಧಿಕಾರಿಗೆ ಮದುವೆಯ ದಿನಾಂಕವನ್ನು ತೋರಿಸಿ ವರ್ಗ ಬದಲಿಸಿಕೊಳ್ಳಬಹುದು. ಹೊರಡುವ ಮುನ್ನ ಇಲ್ಲಿನ ಉಳಿತಾಯ ಖಾತೆಯನ್ನು ಅನಿವಾಸಿಗಳ ಎನ್‌ಆರ್‌ಒ ಖಾತೆಯಾಗಿ ಬದಲಿಸಲು ಬ್ಯಾಂಕಿನಲ್ಲಿ ವಿಚಾರಿಸಿಡಬೇಕು. ಪಿಪಿಎಫ್ ಖಾತೆಯನ್ನು ಅವಧಿ ಮುಗಿಯುವವರೆಗೆ ಮುಂದುವರಿಸಬಹುದು, ಹೊಸದು ತೆರೆಯುವಂತಿಲ್ಲ.

ಉಳಿದಿರುವುದು ಐ-864 ಎಂಬ ಆರ್ಥಿಕ ಹೊಣೆಪತ್ರ. ಕರೆಸಿಕೊಳ್ಳುವವರ ಆದಾಯ ಅಲ್ಲಿನ ಸರ್ಕಾರ ನಿಗದಿಪಡಿಸಿದ ಬಡತನ ರೇಖೆಯ ಶೇ. 125ರಷ್ಟಾದರೂ ಇರಬೇಕು, 2025ರ ದರದಲ್ಲಿ ಇಬ್ಬರ ಸಂಸಾರಕ್ಕೆ ಅದು ವರ್ಷಕ್ಕೆ 26,437 ಡಾಲರ್. ಆದಾಯ ಸಾಲದಿದ್ದರೆ ಪೌರರ ಸಂಗಾತಿಗಳ ವಿಷಯದಲ್ಲಿ ಕೊರತೆಯ ಮೂರು ಪಟ್ಟು ಆಸ್ತಿ ತೋರಿಸಬಹುದು, ಇಲ್ಲವೇ ಜಂಟಿ ಹೊಣೆಗಾರರೊಬ್ಬರನ್ನು ಸೇರಿಸಬಹುದು. ಇದನ್ನು ವೀಸಾ ಕಡತದ ಇನ್ನೊಂದು ಕಾಗದವೆಂದು ಬಗೆದು ಸಹಿಮಾಡಿ ಮರೆಯುವವರೇ ಹೆಚ್ಚು. ಆದರೆ ಇದು ನ್ಯಾಯಾಲಯದಲ್ಲಿ ಜಾರಿಮಾಡಿಸಬಹುದಾದ ಕರಾರು. ವಲಸೆ ಬಂದವರು ಪೌರತ್ವ ಪಡೆಯುವವರೆಗೆ ಇಲ್ಲವೇ ಸುಮಾರು ಹತ್ತು ವರ್ಷಕ್ಕೆ ಸಮನಾದ 40 ತ್ರೈಮಾಸಿಕಗಳ ದುಡಿಮೆ ಅವರ ಲೆಕ್ಕಕ್ಕೆ ಸೇರುವವರೆಗೆ, ಸಾವು ಅಥವಾ ಕಾಯಂ ನಿರ್ಗಮನದ ಹೊರತು, ಈ ಹೊಣೆ ಮುಗಿಯುವುದಿಲ್ಲ, ವಿಚ್ಛೇದನವಾದರೂ ಮುಗಿಯುವುದಿಲ್ಲ. ಕೆಲಸ ಬಿಟ್ಟು, ತವರನ್ನು ಬಿಟ್ಟು, ಪರಿಚಯವಿಲ್ಲದ ದೇಶಕ್ಕೆ ಗಂಡನೊಬ್ಬನನ್ನೇ ನಂಬಿ ಹೊರಡುವ ಹೆಣ್ಣುಮಗಳಿಗೆ ಆ ಸಹಿ ದೊಡ್ಡ ಆಸರೆ, ಅದು ತನ್ನ ಹಕ್ಕೆಂಬುದು ಆಕೆಗೆ ಗೊತ್ತಿರಬೇಕು. ಸಂದರ್ಶನಕ್ಕೆ ಹೊರಡುವ ಮುನ್ನ ಐ-864ನ್ನು ಆಕೆ ಪೂರ್ತಿ ಓದಲಿ, ಸಹಿಯಿರುವ ಒಂದು ಪ್ರತಿಯನ್ನು ತನ್ನ ಬಳಿ ಇಟ್ಟುಕೊಳ್ಳಲಿ, ಇನ್ನೊಂದನ್ನು ತವರುಮನೆಯಲ್ಲಿ ಬಿಟ್ಟುಹೋಗಲಿ.