ಮಂಗನ ಕಾಯಿಲೆಯನ್ನು ಹಕ್ಕಿ ತಂದಿತೇ?

ರೋಗಾಣುಗಳ ಪಾಠ ನಡೆಯುತ್ತಿದ್ದಾಗ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂತು: “ಮಂಗನ ಕಾಯಿಲೆಯನ್ನು ದೂರ ದೇಶದಿಂದ ಹಕ್ಕಿ ತಂದಿದ್ದಂತೆ, ಹೌದಾ ಮಾಸ್ತರೇ?” ವರ್ಗದಲ್ಲಿ ಅರ್ಧ ಜನ ನಕ್ಕರು. ಆದರೆ ಇದು ನಗುವ ಪ್ರಶ್ನೆಯಲ್ಲ. ದೊಡ್ಡ ದೊಡ್ಡ ವಿಜ್ಞಾನಿಗಳು ಇದನ್ನೇ ಕೇಳಿದ್ದಾರೆ. ಇನ್ನೊಂದು ಕಾರಣಕ್ಕೂ ಇದಕ್ಕೆ ಉತ್ತರ ಬೇಕು. ಬೆಟ್ಟದಲ್ಲಿ ಮಂಗ ಸತ್ತ ಸುದ್ದಿ ಬಂದ ಮೇಲೆ ನಮ್ಮಲ್ಲಿ ಕೆಲವರು ರಬ್ಬರ್ ಬಿಲ್ಲು ಹಿಡಿದು “ರೋಗ ತರೋ ಹಕ್ಕಿ” ಅಂತ ಸಿಕ್ಕ ಸಿಕ್ಕ ಹಕ್ಕಿಗೆ ಕಲ್ಲು ಹೊಡೆಯುತ್ತಿದ್ದಾರೆ.

ಮೊದಲು ಎರಡು ಮಾತು. ಮಂಗನ ಬಾವು ಬೇರೆ, ಮಂಗನ ಕಾಯಿಲೆ ಬೇರೆ. ಬಾವು ಅಂದರೆ ಕೆನ್ನೆ ಊದುವುದು, ಅದಕ್ಕೂ ಮಂಗಕ್ಕೂ ಸಂಬಂಧ ಇಲ್ಲ. ಎರಡನೆಯದು, ರೋಗಾಣುಗಳೆಲ್ಲ ಒಂದೇ ಜಾತಿಯಲ್ಲ. ಬ್ಯಾಕ್ಟೀರಿಯಾ ಒಂದು ಪೂರ್ತಿ ಜೀವಕೋಶ, ತನ್ನಷ್ಟಕ್ಕೆ ತಾನೇ ಬೆಳೆಯುತ್ತದೆ. ವೈರಸ್ಸು ಅದಕ್ಕಿಂತ ಬಹಳ ಚಿಕ್ಕದು, ಇನ್ನೊಂದು ಜೀವಕೋಶದೊಳಗೆ ಹೊಕ್ಕರೆ ಮಾತ್ರ ಹೆಚ್ಚುತ್ತದೆ. ಮಂಗನ ಕಾಯಿಲೆ ವೈರಸ್ಸಿನದು. ಹಾಗಾಗಿ ಬ್ಯಾಕ್ಟೀರಿಯಾ ಕೊಲ್ಲುವ ಮಾತ್ರೆ ಅದಕ್ಕೆ ತಾಗುವುದಿಲ್ಲ. ಕಾಡುಹಕ್ಕಿಗಳು ಎರಡನ್ನೂ ಹೊರಬಲ್ಲವು. ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಗಳು ಹಕ್ಕಿಯ ಕರುಳಿನಲ್ಲಿದ್ದು ಹಿಕ್ಕೆಯ ಜೊತೆ ಹೊರಗೆ ಬೀಳುತ್ತವೆ. ಬಾವಿಗೆ ಮುಚ್ಚಳ ಹಾಕಿ ಅಂತ ಹಿರಿಯರು ಹೇಳುವುದು ಸುಮ್ಮನೆ ಅಲ್ಲ.

ಈಗ ಕತೆಗೆ ಬರೋಣ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಕರಿಮೋರೆಯ ಮುಸಿಯಗಳೂ ಕೆಂಪುಮೋರೆಯ ಮಂಗಗಳೂ ಸಾಲಾಗಿ ಸತ್ತು ಬಿದ್ದವು. ಸುತ್ತಲಿನ ಊರುಗಳ ಜನರಿಗೂ ಜೋರು ಜ್ವರ ಬಂತು, ಕೆಲವರು ತೀರಿಕೊಂಡರು. ಮಂಗ ಸಾಯುವ ಜ್ವರ ಅಂದಕೂಡಲೇ ಆಫ್ರಿಕಾದ ಹಳದಿ ಜ್ವರ ಬಂದುಬಿಟ್ಟಿತೋ ಎಂದು ವಿಜ್ಞಾನಿಗಳು ಹೆದರಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷೆ ಮಾಡಿದಾಗ ಅದು ಹಳದಿ ಜ್ವರವಲ್ಲ, ಹೊಸ ವೈರಸ್ಸು ಎಂದು ಗೊತ್ತಾಯಿತು. ಆದರೆ ಅದರ ದಾಯಾದಿ ಯಾರು ಗೊತ್ತೇ? ರಷ್ಯಾದ ಕಾಡುಗಳಲ್ಲಿ ಉಣುಗು ಕಚ್ಚಿ ಬರುವ ಮಿದುಳು ಜ್ವರದ ವೈರಸ್ಸು!

ರಷ್ಯಾ ಎಲ್ಲಿ, ಸೊರಬ ಎಲ್ಲಿ? ನಡುವೆ ಹಿಮಾಲಯವೇ ಅಡ್ಡ ಇದೆ. ಅದನ್ನು ದಾಟಿ ವರ್ಷ ವರ್ಷ ಬರುವವರು ಹಕ್ಕಿಗಳು ಮಾತ್ರ. ಹಾಗಾಗಿ ಗುಮಾನಿ ಅವುಗಳ ಮೇಲೆ ಹೋಯಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು 1959ರಿಂದ ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು ಕಾಲಿಗೆ ನಂಬರಿನ ಉಂಗುರ ಹಾಕಿ ಬಿಡತೊಡಗಿದರು. ಮುಂದಾಳು ಡಾ. ಸಲೀಂ ಅಲಿ. ನಮ್ಮ ದೇಶದಲ್ಲಿ ವಲಸೆ ಹಕ್ಕಿಗಳ ದಾರಿ ಬಗ್ಗೆ ಇಷ್ಟು ತಿಳಿದದ್ದರಲ್ಲಿ ಮಂಗನ ಕಾಯಿಲೆಯ ಪಾಲೂ ಇದೆ ಅಂದರೆ ಆಶ್ಚರ್ಯ ಆಗುತ್ತದೆ. ಆದರೆ ವಲಸೆ ಹಕ್ಕಿಯೇ ಈ ರೋಗ ತಂದಿತು ಎಂಬುದಕ್ಕೆ ಗಟ್ಟಿ ಸಾಕ್ಷಿ ಸಿಗಲಿಲ್ಲ.

ಸಿಕ್ಕ ಕಳ್ಳ ಉಣುಗು. ಇದರ ಜೀವನ ತಿಳಿಯದಿದ್ದರೆ ಮುಂದಿನದು ಅರ್ಥ ಆಗುವುದಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಮೊಟ್ಟೆ ಒಡೆದು ಆರು ಕಾಲಿನ ಮರಿಗಳು ಬರುತ್ತವೆ. ಸಾಸಿವೆಗಿಂತ ಚಿಕ್ಕವು. ಇಲಿ, ಅಳಿಲು, ನೆಲ ಕೆರೆದು ತಿನ್ನುವ ಕಾಡುಕೋಳಿಯಂಥ ಹಕ್ಕಿ, ಮಂಗ, ಯಾವುದು ಸಿಕ್ಕರೂ ಹತ್ತಿ ರಕ್ತ ಕುಡಿದು ಉದುರುತ್ತವೆ. ಪೊರೆ ಕಳಚಿ ಎಂಟು ಕಾಲಿನ ಎಳೆ ಉಣುಗು ಆಗುತ್ತವೆ. ಮನುಷ್ಯರಿಗೆ ಹೆಚ್ಚಾಗಿ ರೋಗ ದಾಟಿಸುವುದು ಈ ಎಳೆಯದೇ. ಡಿಸೆಂಬರಿನಿಂದ ಮೇ ತನಕ ದರಕಿನಲ್ಲಿ ಇದರ ಕಾರುಬಾರು. ಕೊನೆಗೆ ದೊಡ್ಡ ಉಣುಗಾಗಿ ದನದಂಥ ದೊಡ್ಡ ಪ್ರಾಣಿಗಳ ಮೈ ಸೇರುತ್ತದೆ. ಮರಿ ಇದ್ದಾಗ ಒಳಗೆ ಸೇರಿದ ವೈರಸ್ಸು ಪೊರೆ ಕಳಚಿದರೂ ಹೋಗುವುದಿಲ್ಲ. ಮಂಗ ಸತ್ತರೆ ಅದರ ಮೈಮೇಲಿನ ಉಣುಗೆಲ್ಲ ಅಲ್ಲೇ ಉದುರಿ, ಆ ಜಾಗವೇ ಅಪಾಯದ ಜಾಗ ಆಗುತ್ತದೆ.

ಅಂದರೆ ಹಕ್ಕಿ ಇಲ್ಲಿ ಬಸ್ಸು ಇದ್ದ ಹಾಗೆ, ಪ್ರಯಾಣಿಕ ಉಣುಗು. ಇಂಥ ಬಸ್ಸು ಎಷ್ಟು ದೂರ ಓಡಬಹುದು? ಇದಕ್ಕೆ ಒಂದು ಬ್ಯಾಕ್ಟೀರಿಯಾ ಉತ್ತರ ಕೊಟ್ಟಿದೆ. ಅಮೆರಿಕಾ, ಯುರೋಪುಗಳಲ್ಲಿ ಲೈಮ್ ರೋಗ ಎಂದಿದೆ. ಅದನ್ನು ತರುವುದು ಬೊರೇಲಿಯಾ ಎಂಬ ಸುರುಳಿ ಆಕಾರದ ಬ್ಯಾಕ್ಟೀರಿಯಾ, ಅದೂ ಉಣುಗಿನಿಂದಲೇ. ನಮ್ಮ ನೇತ್ರಾಣಿಯಂಥ ದ್ವೀಪಗಳು ಜಗತ್ತಿನ ತುಂಬ ಇವೆಯಲ್ಲ, ಅಲ್ಲಿ ಗೂಡು ಕಟ್ಟುವ ಕಡಲಹಕ್ಕಿಗಳ ಉಣುಗುಗಳಲ್ಲಿ ಬೊರೇಲಿಯಾ ಹುಡುಕಿದರು. ಭೂಮಿಯ ಉತ್ತರ ತುದಿಯ ಕಡೆ ಸಿಕ್ಕಿದ್ದಕ್ಕೂ ದಕ್ಷಿಣ ತುದಿಯ ಕಡೆ ಸಿಕ್ಕಿದ್ದಕ್ಕೂ ಪರೀಕ್ಷೆ ಮಾಡಿದ ಜೀನ್ ತುಣುಕು ಅಕ್ಷರ ಅಕ್ಷರ ಒಂದೇ ಆಗಿತ್ತು. ಇದು ಪ್ರಕಟವಾದದ್ದು 1995ರಲ್ಲಿ. ಸಮುದ್ರ ದಾಟಿ ಉಣುಗು ಈಜಿಕೊಂಡು ಹೋಗಲಿಲ್ಲ ತಾನೇ?

ಜೀನ್ ಓದಿ ಸಂಬಂಧ ಹೇಳುವುದು ಹೇಗೆ? ನಮ್ಮ ನೋಟ್ಸ್ ಕಾಪಿ ಮಾಡುವುದನ್ನೇ ತಗೊಳ್ಳಿ. ಒಬ್ಬ ಬರೆಯುವಾಗ ಒಂದು ಒತ್ತಕ್ಷರ ಬಿಟ್ಟ. ಅವನದನ್ನು ನೋಡಿ ಬರೆದವರೆಲ್ಲರ ಪಟ್ಟಿಯಲ್ಲೂ ಆ ಒತ್ತು ಇಲ್ಲ. ಅವರಲ್ಲೊಬ್ಬಳು ಇನ್ನೊಂದು ತಪ್ಪು ಸೇರಿಸಿದಳು. ಮಾಸ್ತರು ತಪ್ಪುಗಳನ್ನು ಹೊಂದಿಸಿ ನೋಡಿ, ಯಾರು ಯಾರದನ್ನು ನೋಡಿ ಬರೆದರು ಅಂತ ಕೂತಲ್ಲೇ ಹೇಳಿಬಿಡುತ್ತಾರೆ. ವೈರಸ್ಸಿನದೂ ಹಾಗೇ. ಮಂಗನ ಕಾಯಿಲೆಯ ವೈರಸ್ಸಿನ ಬರಹ ನಾಲ್ಕೇ ಅಕ್ಷರಗಳಲ್ಲಿ, ಸುಮಾರು 10,800 ಅಕ್ಷರ ಉದ್ದ. ಪ್ರತಿಯಾಗುವಾಗ ಅಲ್ಲಲ್ಲಿ ತಪ್ಪು ಬೀಳುತ್ತದೆ. ತಪ್ಪು ಕಡಿಮೆ ಇದ್ದರೆ ಹತ್ತಿರದ ನೆಂಟರು, ಹೆಚ್ಚಿದ್ದರೆ ಅಗಲಿ ಬಹಳ ಕಾಲ ಆಯಿತು ಅಂತ ಲೆಕ್ಕ.

1957ರಿಂದ 2006ರ ತನಕ ಭಾರತದಲ್ಲಿ ಸಿಕ್ಕ 48 ವೈರಸ್ಸುಗಳನ್ನು ಹೀಗೆ ಹೋಲಿಸಿ 2009ರಲ್ಲಿ ಪ್ರಕಟಿಸಿದರು. ಸುಮಾರು 50 ವರ್ಷ ಕಳೆದರೂ ಅವುಗಳ ನಡುವಿನ ವ್ಯತ್ಯಾಸ ನೂರಕ್ಕೆ 1.2 ಮಾತ್ರ. ಒಂದೇ ಮನೆಯ ಮಕ್ಕಳು! ವರ್ಷ ವರ್ಷ ಬೇರೆ ಬೇರೆ ದೇಶದಿಂದ ಹಕ್ಕಿ ಹೊಸ ಹೊಸ ವೈರಸ್ಸು ತಂದು ಸುರಿಯುತ್ತಿದ್ದರೆ ಹೀಗಿರುತ್ತಿರಲಿಲ್ಲ ಎಂದು ನನಗೆ ಅನಿಸುತ್ತದೆ. ಈ ಮಲೆನಾಡು, ಘಟ್ಟದ ಕಾಡುಗಳಲ್ಲೇ ಅದು ಸಂಸಾರ ಹೂಡಿದೆ.

ಆದರೆ ಕತೆ ಇಲ್ಲಿಗೆ ಮುಗಿಯುವುದಿಲ್ಲ. 1995ರಲ್ಲಿ ಸೌದಿ ಅರೇಬಿಯಾದ ಜೆಡ್ಡಾದಲ್ಲಿ ಇದರ ಸೋದರನಂಥ ವೈರಸ್ಸು ಸಿಕ್ಕಿತು, ಹೆಸರು ಅಲ್‌ಖುರ್ಮಾ. ಭಟ್ಕಳದವರಿಗೆ ಜೆಡ್ಡಾ ಎಲ್ಲಿದೆ ಎಂದು ಹೇಳಿಕೊಡಬೇಕಾಗಿಲ್ಲ. ಹಾಗಂತ ಕೊಲ್ಲಿಗೆ ಹೋಗಿ ಬಂದವರ ಮೇಲೆ ಯಾರೂ ಗುಮಾನಿ ಪಡಬೇಡಿ. ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಹಾಗಾದರೆ ಅರಬ್ಬೀ ಸಮುದ್ರದ ಆಚೆ ಒಬ್ಬ, ಈಚೆ ಒಬ್ಬ ಹೇಗೆ ಆದರು? 2009ರ ಲೆಕ್ಕದ ಪ್ರಕಾರ ಇವರಿಬ್ಬರ ಮೂಲ ಸುಮಾರು 1942ರದ್ದು, ಹಕ್ಕಿಗಳು ಅಷ್ಟು ದೂರ ಸಾಗಿಸಿರಬಹುದು. 2011ರಲ್ಲಿ ಬೇರೆ ವಿಜ್ಞಾನಿಗಳು ವೈರಸ್ಸುಗಳ ಪೂರ್ತಿ ಬರಹ ಓದಿ ನೋಡಿದಾಗ, ತಪ್ಪು ಬೀಳುವ ವೇಗ ಅಷ್ಟಿಲ್ಲ, ಇಬ್ಬರೂ ಬೇರೆಯಾಗಿ ಸುಮಾರು 700 ವರ್ಷ ಆಗಿದೆ ಎಂದರು. 1942ರ ಮಾತೋ, ವಿಜಯನಗರ ಹುಟ್ಟುವ ಕಾಲದ ಮಾತೋ! ನನಗೆ ಎರಡನೆಯದೇ ಹೆಚ್ಚು ನಂಬುವಂತೆ ಕಾಣುತ್ತದೆ, ಏಕೆಂದರೆ ನಾಲ್ಕು ಸಾಲಿಗಿಂತ ಪೂರ್ತಿ ಪುಟ ಓದಿದವನಿಗೆ ಹೆಚ್ಚು ತಿಳಿಯುತ್ತದೆ. ಹಾಗಿದ್ದರೆ ಈ ವೈರಸ್ಸು ಹೊಸದಾಗಿ ಬಂದದ್ದಲ್ಲ, ಕಾಡಿನಲ್ಲಿ ತನ್ನಷ್ಟಕ್ಕೆ ಇತ್ತು. ಕಾಡು ಕಡಿದು, ದನ ನುಗ್ಗಿಸಿ, ಅದರ ಬಳಿಗೆ ಹೋದವರು ನಾವು.

ಇನ್ನು ನಮ್ಮೂರ ಹಕ್ಕಿಗಳ ವಿಷಯ. ಕುಮಟಾದ ಅಘನಾಶಿನಿ ಅಳಿವೆಗೆ, ಹೊನ್ನಾವರದ ಶರಾವತಿ ಅಳಿವೆಗೆ ಚಳಿಗಾಲದಲ್ಲಿ ದೂರದ ಹಕ್ಕಿಗಳು ಬರುತ್ತವೆ. ಜ್ವರದ ಕಾಲವೂ ಆಗಲೇ ಶುರು. ಎರಡೂ ಒಟ್ಟಿಗೆ ಬಂದದ್ದಕ್ಕೆ ಜನ ಗಂಟು ಹಾಕುತ್ತಾರೆ. ಆದರೆ ಆ ಹಕ್ಕಿಗಳು ಮೇಯುವುದು ಕೆಸರಿನಲ್ಲಿ, ಉಣುಗು ಕಾಯುವುದು ಬೆಟ್ಟದ ದರಕಿನಲ್ಲಿ. ಜ್ವರ ಡಿಸೆಂಬರಿಗೆ ಏಳುವುದು ಎಳೆ ಉಣುಗು ಏಳುವ ಕಾಲ ಅದು ಎಂಬುದಕ್ಕೆ. ಬೆಳ್ಳಕ್ಕಿಗೆ ಕಲ್ಲು ಹೊಡೆದರೆ ಒಂದು ಉಣುಗೂ ಕಡಿಮೆ ಆಗುವುದಿಲ್ಲ. ದನದ ಸುತ್ತ ತಿರುಗುವ ಹಕ್ಕಿಗಳು ಹುಳ ಹೆಕ್ಕುವುದನ್ನು ನಾವೇ ನೋಡುತ್ತೇವಲ್ಲ.

ನಮಗೆ ಅಪಾಯ ಇರುವುದು ದರಕು ಗುಡಿಸಲು, ಸೊಪ್ಪು ತರಲು, ಗೇರುಬೀಜ ಹೆಕ್ಕಲು, ಮುರುಗಲ ಹಣ್ಣಿಗೆ ಹೋದಾಗ. ಹೋಗುವ ಮೊದಲು ಕೈಕಾಲಿಗೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಬೇಕು, ಮೈ ಮುಚ್ಚುವ ಬಟ್ಟೆ ಹಾಕಬೇಕು. ಬಂದ ಕೂಡಲೇ ಬಿಸಿನೀರಿನಲ್ಲಿ ಮಿಂದು, ಬಟ್ಟೆಯನ್ನೂ ಬಿಸಿನೀರಿಗೆ ಹಾಕಬೇಕು. ಕಚ್ಚಿಕೊಂಡ ಉಣುಗನ್ನು ಉಗುರಿನಲ್ಲಿ ಹಿಸುಕಬಾರದು, ಸೀಮೆಎಣ್ಣೆ ಹಾಕುವುದೂ ಸುಡುವುದೂ ಬೇಡ. ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೆಟ್ಟಗೆ ಎಳೆಯಬೇಕು. 1990ರಿಂದ ಕೊಡುತ್ತಿದ್ದ ಲಸಿಕೆ ಅಷ್ಟು ಫಲ ಕೊಡದ ಕಾರಣ 2022ರಲ್ಲಿ ನಿಂತಿದೆ, ಆದ್ದರಿಂದ ಮನೆಯಲ್ಲಿ ಹಿರಿಯರು “ಸೂಜಿ ಹಾಕಿಸ್ಕಂಡಿದ್ದೆ, ನಂಗೇನೂ ಆಗೂದಿಲ್ಲ” ಅಂದರೆ ಅದನ್ನು ನಂಬಿ ಕೂರಬೇಡಿ. ಸತ್ತ ಮಂಗ ಕಂಡರೆ ಮುಟ್ಟದೆ, ಸುತ್ತ ಓಡಾಡದೆ ಆಶಾ ಕಾರ್ಯಕರ್ತೆಗೋ ಆಸ್ಪತ್ರೆಗೋ ತಿಳಿಸಬೇಕು.

ಉಣುಗು ಕಚ್ಚಿ 3ರಿಂದ 8 ದಿನದೊಳಗೆ ಒಮ್ಮೆಲೇ ಜ್ವರ, ತಲೆನೋವು, ಸೊಂಟ ಕಾಲು ಸೆಳೆತ, ಕಣ್ಣು ಕೆಂಪು ಆದರೆ ಆಸ್ಪತ್ರೆಗೆ ಹೋಗಿ. ಕೆಲವರಿಗೆ ಮೂಗು, ಒಸಡಿನಲ್ಲಿ ರಕ್ತ ಬರುವುದೂ ಇದೆ. ಜ್ವರ ಇಳಿದು ಒಂದೆರಡು ವಾರಕ್ಕೆ ಮತ್ತೆ ಏರುವುದೂ ಉಂಟು, ಆಗ ಮಿದುಳಿಗೆ ತಾಗುತ್ತದೆ. ಡಾಕ್ಟರರ ಹತ್ತಿರ ಬರೀ “ಜ್ವರ” ಅನ್ನಬೇಡಿ. ಯಾವ ಬೆಟ್ಟಕ್ಕೆ, ಯಾವ ದಿನ ಹೋಗಿದ್ದಿರಿ ಅಂತಲೂ ಹೇಳಿ. ಅದನ್ನು ಕೇಳಿದ ಮೇಲೆಯೇ ಅವರಿಗೆ ಈ ಕಾಯಿಲೆಯ ರಕ್ತಪರೀಕ್ಷೆ ಮಾಡಿಸುವ ನೆನಪಾಗುವುದು.