ಮೆಶ್ ವೈಫೈ ತಂತಿಯ ದೋಷ ಹುಡುಕುವ ಕ್ರಮ



ನಡುಮನೆಯಲ್ಲೊಂದು, ಹಿಂದಿನ ಕೋಣೆಯಲ್ಲೊಂದು ಮೆಶ್ ವೈಫೈ ಪೆಟ್ಟಿಗೆ ಇಟ್ಟು ನಡುವೆ ತಂತಿ ಎಳೆದಿದ್ದೀರಿ. ಆದರೂ ಹಿಂದಿನ ಕೋಣೆಯಲ್ಲಿ ವೇಗವಿಲ್ಲವೇ? ಹೊಸ ಪೆಟ್ಟಿಗೆಗೆ ಹಣ ಸುರಿಯಬೇಡಿರಿ. ಮೊದಲು ತಂತಿಯನ್ನು ನೋಡಿರಿ.

ತಂತಿ ಕೆಟ್ಟರೂ ಪೆಟ್ಟಿಗೆಗಳು ಗಾಳಿಯಲ್ಲೇ ಸಂಪರ್ಕ ಸಾಧಿಸುತ್ತವೆ. ಆದ್ದರಿಂದಲೇ ದೋಷ ಬೇಗ ತಿಳಿಯದು. ಫೋನಿನ ಆಪ್‌ನಲ್ಲಿ ಹಿಂದಿನ ಪೆಟ್ಟಿಗೆಯ ಜೋಡಣೆ ‘ಈಥರ್ನೆಟ್’ ಎಂದಿಲ್ಲದಿದ್ದರೆ, ಆ ಪೆಟ್ಟಿಗೆಯನ್ನು ಮುಖ್ಯ ಪೆಟ್ಟಿಗೆಯ ಪಕ್ಕಕ್ಕೆ ತಂದು, ಚೆನ್ನಾಗಿರುವ ಗಿಡ್ಡ ತಂತಿಯಿಂದ ಜೋಡಿಸಿರಿ. ಈಗ ಹಾಗೆ ತೋರಿದರೆ ಉದ್ದ ತಂತಿಯೇ ಕೆಟ್ಟಿದೆ.

ತಂತಿಯೊಳಗೆ 8 ಎಳೆಗಳಿವೆ. 1000 ಮೆಗಾಬಿಟ್ ವೇಗಕ್ಕೆ ಎಂಟೂ ಬೇಕು. ಒಂದು ತುಂಡಾದರೂ 100ಕ್ಕೆ ಇಳಿಯಬಹುದು, ದೀಪವೇನೋ ಉರಿಯುತ್ತಲೇ ಇರುತ್ತದೆ! ಇಲಿ ಕಡಿದಿದೆಯೇ, ಬಾಗಿಲಿಗೆ ಸಿಕ್ಕಿ ನಜ್ಜಾಗಿದೆಯೇ ನೋಡಿರಿ. ಇಲ್ಲವಾದರೆ ಎರಡೂ ತುದಿಯ ಪ್ಲಗ್ಗುಗಳನ್ನು ಹೊಸದಾಗಿ ಹಾಕಿಸಿರಿ. ಹೊಸ ತಂತಿಯಾದರೆ ಶುದ್ಧ ತಾಮ್ರದ್ದೇ ಕೊಳ್ಳಿರಿ; ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಅಗ್ಗ, ಆದರೆ ಬೇಗ ಮುರಿಯುತ್ತದೆ. ಉದ್ದ 100 ಮೀಟರು ಮೀರಬಾರದು.

ಬಯಲು ದಾಟಿ ಪಂಪುಮನೆಗೆ ಮಾತ್ರ ತಾಮ್ರದ ತಂತಿ ಬೇಡವೇ ಬೇಡ. ಸಿಡಿಲು ಹತ್ತಿರದಲ್ಲಿ ಬಡಿದರೂ ಅದರ ಆಘಾತ ತಂತಿಯ ಮೂಲಕ ಮನೆಯೊಳಕ್ಕೆ ಬರಬಹುದು. ಅಲ್ಲಿಗೆ ಲೋಹವಿಲ್ಲದ ಆಪ್ಟಿಕಲ್ ಫೈಬರ್ ಎಳೆಸಿರಿ. ಎರಡು ತುದಿಗೂ ಕನ್ವರ್ಟರ್ ಬೇಕಾಗುತ್ತದೆ.